ಬೂದಿ ಕೊತ್ತಿಯ ಬಾಣಂತನ

ನಮ್ಮೂರಿನ ಮಹಿಳಾ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಹೊಣಕೆರೆಯಿಂದ ಒಳಗೆ ತಿರುಗಿ ಸ್ವಲ್ಪ ದೂರ ಬಂದರೆ ನಮ್ಮೂರು ಸಿಗುತ್ತದೆ. ಡೈರಿ ಎಂದರೆ ಶೀಟಿನ ಮಾಡಿನ ಎರಡು ಕೋಣೆ. ಒಂದರಲ್ಲಿ ತಕ್ಕಡಿ, ಪರೀಕ್ಷೆಯ ಮಿಷನ್ನು, ಕ್ಯಾನುಗಳು. ಇನ್ನೊಂದರಲ್ಲಿ ಹಸುಗಳ ಫೀಡಿನ ಮೂಟೆಗಳು. ಬೆಳಿಗ್ಗೆ ಸಂಜೆ ಹೆಂಗಸರು ಹಾಲು ತಂದು ಸಾಲಾಗಿ ನಿಲ್ಲುತ್ತಾರೆ. ನಾನು ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು ಪರೀಕ್ಷೆ ಮಾಡುತ್ತೇನೆ. ಕೊನೆಗೆ ಉಳಿದ ಸ್ಯಾಂಪಲ್ ಹಾಲನ್ನು ಬಾಗಿಲ ಹೊರಗಿಟ್ಟ ಹಳೆಯ ಬೇಸಿನ್ನಿಗೆ ಸುರಿಯುತ್ತಿದ್ದೆ. ನನಗಿಂತ ಮೊದಲು ಈ ಕೆಲಸದಲ್ಲಿದ್ದವರೂ ಹಾಗೇ ಮಾಡುತ್ತಿದ್ದರು. ಆ ಹಾಲಿಗೆ ಬೆಕ್ಕುಗಳು ಬರುತ್ತಿದ್ದವು. ಯಾರ ಮನೆಯವೂ ಅಲ್ಲದ ಬೆಕ್ಕುಗಳು. ಮುಟ್ಟಲು ಹೋದರೆ ಸಿಗುತ್ತಿರಲಿಲ್ಲ, ಓಡಿಸಿದರೆ ದೂರ ಹೋಗುತ್ತಲೂ ಇರಲಿಲ್ಲ.

ಮೊದಮೊದಲು ಅವು ಯಾರಿಗೂ ತೊಂದರೆಯಾಗಿರಲಿಲ್ಲ. ಆಮೇಲೆ ಮರಿಗಳು ಹೆಚ್ಚಿದವು. ಮರಿಗಳು ದೊಡ್ಡವಾಗಿ ಅವಕ್ಕೂ ಮರಿಗಳಾದವು. ಗಂಡುಬೆಕ್ಕುಗಳು ಜಗಳವಾಡಿ ಹಾಲಿನ ಸಾಲಿನ ನಡುವೆಯೇ ಉರುಳಾಡುತ್ತಿದ್ದವು. ಫೀಡಿನ ಮೂಟೆಗಳ ಮೇಲೆ ಉಚ್ಚೆಯ ನಾತ. ಒಂದು ಸಂಜೆ ಮುಚ್ಚಳ ತೆಗೆದಿಟ್ಟಿದ್ದ ಕ್ಯಾನಿನ ಅಂಚಿಗೆ ಹತ್ತಿದ ಮರಿಯೊಂದು ಜಾರಿ ಒಳಗೆ ಬಿದ್ದುಬಿಟ್ಟಿತು. ನಾನು ಕೈಹಾಕಿ ಎತ್ತಿದೆ. ಮರಿ ಬದುಕಿತು. ಹಾಲನ್ನು ಮಾತ್ರ ಅಷ್ಟು ಜನರ ಮುಂದೆಯೇ ಚರಂಡಿಗೆ ಸುರಿಯಬೇಕಾಯಿತು.

ಮೊದಲು ಬಾಯಿ ತೆರೆದವರು ಡೈರಿಯ ಅಧ್ಯಕ್ಷೆ. ಅವರು ನನ್ನ ಗಂಡನ ದೊಡ್ಡಮ್ಮ, ನನಗೆ ದೊಡ್ಡತ್ತೆ. ಎಪ್ಪತ್ತು ದಾಟಿದ್ದರೂ ಇವತ್ತಿಗೂ ತಮ್ಮ ಹಸುಗಳ ಹಾಲನ್ನು ತಾವೇ ಕರೆಯುತ್ತಾರೆ. ಊರಿನ ಗಂಡಸರೂ ಅವರೆದುರು ಸ್ವರ ಏರಿಸುವುದಿಲ್ಲ.

"ಇನ್ನ ಸಾಕು ಕಣವ್ವ," ಎಂದರು. "ಎಲ್ಲಾನೂ ಚೀಲಕ್ಕೆ ತುಂಬಿ ದೂರಕ್ಕೆ ಸಾಗಾಕ್ಬುಡಿ. ಕೊಲ್ಲದಂತೂ ಬ್ಯಾಡ. ಕೊತ್ತಿ ಕೊಂದ್ರೆ ಚಿನ್ನದ ಕೊತ್ತಿ ಮಾಡ್ಸಿ ದಾನ ಕೊಟ್ರೂ ಪಾಪ ಓಗಕಿಲ್ಲ."

ಡೈರಿಯಲ್ಲಿ ಕ್ಯಾನು ಎತ್ತುವವನು ಒಪ್ಪಿಕೊಂಡ. ಒಂದು ವಾರವೆಲ್ಲ ಹಾಲಿನ ಆಸೆ ತೋರಿಸಿ, ಸಿಕ್ಕವನ್ನೆಲ್ಲ ಗೋಣಿಚೀಲಕ್ಕೆ ಹಾಕಿಕೊಂಡು, ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯ ಹತ್ತಿರ ಹೊಲದಲ್ಲಿ ಬಿಟ್ಟುಬಂದ. ಅಲ್ಲಿ ಅವು ಏನಾದವೋ ನಮಗೆ ಗೊತ್ತಾಗಲಿಲ್ಲ.

ಅವನು ಬಿಟ್ಟುಬಂದ ಮಾರನೆಯ ಬೆಳಿಗ್ಗೆ ನಾನು ಫೀಡಿನ ಕೋಣೆಯ ಬಾಗಿಲು ತೆಗೆದಾಗ ಸಣ್ಣಗೆ ಅಳು ಕೇಳಿಸಿತು. ಮೂಟೆಗಳನ್ನು ಸರಿಸಿ ನೋಡಿದರೆ ಗೋಡೆಯ ಸಂದಿಯಲ್ಲಿ ಮೂರು ಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿ ಚೀಲದಲ್ಲಿ ಹೋಗಿತ್ತು. ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ಮಗುವಿಗೆ ಔಷಧಿ ಹಾಕುವ ಫಿಲ್ಲರಿನಲ್ಲಿ ಬೆಚ್ಚಗಿನ ಹಾಲು ಬಿಟ್ಟೆ. ಎರಡು ಉಳಿಯಲಿಲ್ಲ. ಅವನ್ನು ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿದವನು ನನ್ನ ಗಂಡ. ಅವನು ಬೆಕ್ಕಿನ ವಿಷಯಕ್ಕೆ ಯಾವತ್ತೂ ತಲೆಹಾಕಿದವನಲ್ಲ. ಕೈಯ ಮಣ್ಣು ಕೊಡವಿಕೊಳ್ಳುತ್ತಾ, "ಇದು ಸರಿಯಾದ ದಾರಿ ಅಲ್ಲ ಬುಡು," ಎಂದ. ಉಳಿದ ಮೂರನೆಯದು ಹೆಣ್ಣುಮರಿ, ಕೆಂಚು ಬಣ್ಣದ್ದು. ಅದು ನಮ್ಮನೆಯಲ್ಲೇ ಬೆಳೆಯಿತು.

ಡೈರಿಯಲ್ಲಿ ಸ್ವಲ್ಪ ಕಾಲ ನೆಮ್ಮದಿ ಇತ್ತು. ಆಮೇಲೆ ಇಲಿಗಳು ಬಂದವು. ಮೂಟೆ ಎತ್ತಿದರೆ ತಳದಿಂದ ಫೀಡು ಸುರಿಯುತ್ತಿತ್ತು. ಮಿಷನ್ನಿನ ವೈರನ್ನೂ ಕಡಿದು ಹಾಕಿದವು. ಅವರೆಕಾಯಿ ಕಾಲ ಬರುವ ಹೊತ್ತಿಗೆ ಬೆಕ್ಕುಗಳೂ ಬಂದಿದ್ದವು, ಎಲ್ಲಾ ಹೊಸವು. ಕೆಲವು ಕಬ್ಬಿನ ಗದ್ದೆಗಳಿಂದ ಬಂದವು. ಕೆಲವನ್ನು ಬೇರೆ ಊರಿನವರು ಚೀಲದಲ್ಲಿ ತಂದು ನಮ್ಮೂರ ಕೆರೆ ಏರಿಯ ಮೇಲೆ ಬಿಟ್ಟಿದ್ದನ್ನು ದನ ಕಾಯುವವರು ಕಣ್ಣಾರೆ ನೋಡಿದ್ದರು. ನಮ್ಮವನ್ನು ನಾವು ಅವರೂರಿಗೆ ಬಿಡುವುದು, ಅವರವನ್ನು ಅವರು ನಮ್ಮೂರಿಗೆ ಬಿಡುವುದು. ಹೀಗೆ ಬಂದವುಗಳಲ್ಲಿ ಮೊಂಡುಬಾಲದ ಬೂದಿ ಬಣ್ಣದ ಹೆಣ್ಣೊಂದಿತ್ತು. ತೆಳ್ಳಗೆ, ಎಲುಬು ಕಾಣುವ ಹಾಗೆ. ಎಲ್ಲವೂ ಹಾಲು ಕುಡಿದು ಹೋದ ಮೇಲೆ ಕೊನೆಗೆ ಬಂದು, ನನ್ನ ಮೇಲೆ ಕಣ್ಣಿಟ್ಟುಕೊಂಡೇ ಕುಡಿಯುತ್ತಿತ್ತು.

ಆ ದಿನಗಳಲ್ಲೇ ನಮ್ಮೂರಲ್ಲಿ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶುವೈದ್ಯೆ ಬಂದರು. ಆಗಷ್ಟೇ ನಮ್ಮ ಕಡೆಗೆ ಬಂದಿದ್ದ ಚಿಕ್ಕ ವಯಸ್ಸಿನವರು. ಸ್ಕೂಟರಿನಲ್ಲಿ ಐಸ್ ಡಬ್ಬಿ ಕಟ್ಟಿಕೊಂಡು ಹಟ್ಟಿಯಿಂದ ಹಟ್ಟಿಗೆ ಓಡಾಡುತ್ತಿದ್ದರು. ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಕೆಲಸ ಮುಗಿಸಿ ಡೈರಿಯ ಮುಂದೆ ಟೀ ಕುಡಿಯುತ್ತಾ ಕೂತಿದ್ದಾಗ ನಾನು ಕೇಳಿಯೇಬಿಟ್ಟೆ.

"ಡಾಕ್ಟ್ರಮ್ಮ, ಮನುಷ್ಯರ ಥರ ಈ ಕೊತ್ತಿಗಳ್ಗೂ ಆಪರೇಷನ್ ಮಾಡಕ್ಕಾಯ್ತದಾ?"

ಅವರು ನಗಲಿಲ್ಲ. ಅದೇ ನನಗೆ ದೊಡ್ಡದಾಗಿ ಕಂಡಿತು.

"ಆಗುತ್ತೆ ಅಕ್ಕ. ಹಿಡೀಬೇಕು, ಆಪರೇಷನ್ ಮಾಡಿ, ರೇಬಿಸ್ ಇಂಜೆಕ್ಷನ್ ಕೊಟ್ಟು, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು."

"ವಾಪಸ್ ಇಲ್ಲಿಗೇನಾ?"

"ಇಲ್ಲಿಗೇ. ಇಲ್ಲಿ ಹಾಲಿದೆ, ಇಲಿ ಇದೆ. ಜಾಗ ಖಾಲಿ ಬಿಟ್ಟರೆ ಬೇರೆಯವು ಬಂದು ಸೇರ್ಕೊತವೆ. ಇರೋವೇ ಇದ್ದು, ಮರಿ ಹಾಕದೆ ಇದ್ದರೆ ನಿಧಾನಕ್ಕೆ ಕಡಿಮೆ ಆಗ್ತವೆ."

ಖಾಲಿಯಾದ ಜಾಗಕ್ಕೆ ಬೇರೆಯವು ಬರುವುದನ್ನು ನಾವು ಆಗಲೇ ಕಣ್ಣಾರೆ ಕಂಡಿದ್ದೆವು. ಆದರೆ ಹೀಗೊಂದು ದಾರಿ ಇದೆ ಎಂದು ಯಾರೂ ಹೇಳಿರಲಿಲ್ಲ. ಕಾಲೇಜಿನಲ್ಲಿದ್ದಾಗ ತಾವು ಬೆಕ್ಕುಗಳಿಗೆ ಆಪರೇಷನ್ ಮಾಡಿದ್ದುಂಟು, ಈಚೆಗೆ ಬರೀ ಹಸು ಎಮ್ಮೆಗಳೇ, ಒಬ್ಬರೇ ಮಾಡಲು ಧೈರ್ಯ ಸಾಲದು ಎಂದು ಅವರು ಬಿಚ್ಚಿ ಹೇಳಿದರು. ಮೈಸೂರಿನಲ್ಲಿ ಬೆಕ್ಕು ನಾಯಿಗಳನ್ನೇ ನೋಡುವ ಗೆಳತಿಯೊಬ್ಬರಿದ್ದಾರೆ, ಭಾನುವಾರ ಕರೆದರೆ ಬರುತ್ತಾರೆ ಎಂದರು. "ನೀವು ಹಿಡಿದುಕೊಡಿ, ಮಿಕ್ಕಿದ್ದು ನಾವು ನೋಡ್ಕೊತೀವಿ."

ಡೈರಿಯ ಸಭೆಯಲ್ಲಿ ಈ ಮಾತು ಎತ್ತಿದಾಗ ಅರ್ಧ ಜನ ನಕ್ಕರು. ಒಬ್ಬಳು, "ನಮ್ಗೇ ಆಸ್ಪತ್ರೆಗೆ ಓಗಕ್ಕೆ ಪುರ್ಸೊತ್ತಿಲ್ಲ, ಕೊತ್ತಿಗೆ ಆಪ್ರೇಷನ್ನಂತೆ," ಎಂದಳು. ದೊಡ್ಡತ್ತೆ ಮಾತ್ರ ನಗಲಿಲ್ಲ.

"ಸಾಗಾಕದು ಬೇರೆ, ಒಟ್ಟೆ ಕುಯ್ಯದು ಬೇರೆ," ಎಂದರು. "ಬಾಯಿಲ್ದ ಜೀವ. ಬ್ಯಾಡ ಅಂತ ಅದು ಎಂಗೆ ಯೋಳ್ತದೆ? ಅದ್ನ ಬಂಜೆ ಮಾಡಿದ ಪಾಪ ನಂಗೆ ಬ್ಯಾಡ. ನೀನು ಏನಾರ ಮಾಡ್ಕ, ನನ್ನ ಒಪ್ಗೆ ಕೇಳ್ಬ್ಯಾಡ."

ಬೇಡ ಎಂದರು, ಆದರೆ ತಡೆಯಲಿಲ್ಲ. ನಾನು ಅಷ್ಟಕ್ಕೇ ತೃಪ್ತಿಪಟ್ಟುಕೊಂಡು ನಾಗಮಂಗಲದ ವೆಲ್ಡಿಂಗ್ ಅಂಗಡಿಗೆ ಹೋದೆ. ಡಾಕ್ಟ್ರಮ್ಮ ಬರೆದುಕೊಟ್ಟಿದ್ದ ಚಿತ್ರ ತೋರಿಸಿ ಬೋನು ಬೇಕು ಎಂದೆ. ಅಂಗಡಿಯವನು ಹಿಂದೆ ಚಿರತೆ ಬೋನಿನ ಬಾಗಿಲು ಬೆಸೆದುಕೊಟ್ಟಿದ್ದವನು.

"ಏನಕ್ಕ, ನಿಮ್ಮೂರ್ಗೂ ಚಿರತೆ ಬಂದದಾ?"

"ಕೊತ್ತಿಗೆ ಕಣಪ್ಪ."

ಅವನು ನನ್ನನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದ. ಯಾಕೆ ಎಂದು ಪೂರಾ ಕೇಳಿಸಿಕೊಂಡ ಮೇಲೆ ಚಹಾ ತರಿಸಿದ. ಮಾಡಿಕೊಟ್ಟ ಬೋನು ಚೆನ್ನಾಗಿತ್ತು, ಬಾಗಿಲು ಮಾತ್ರ ಧಡ್ ಎಂದು ಬೀಳುತ್ತಿತ್ತು. ತಾನೇ ಎರಡು ಸಲ ಬೀಳಿಸಿ ನೋಡಿ, "ಇದು ಬಿದ್ರೆ ಅದ್ರ ಸೊಂಟ ಮುರೀತದೆ, ತಡೀರಿ," ಎಂದು ಕೆಳಗಿನ ಅಂಚಿಗೆ ಹಳೆ ಸೈಕಲ್ ಟ್ಯೂಬು ಸುತ್ತಿಕೊಟ್ಟ.

ಶನಿವಾರ ಸಂಜೆ ಬೇಸಿನ್ನಿಗೆ ಹಾಲು ಸುರಿಯಲಿಲ್ಲ. ಬೆಕ್ಕುಗಳು ಅದನ್ನು ಸುತ್ತಿ ಸುತ್ತಿ ಹೋದವು. ನಾನು ಡಾಕ್ಟ್ರಮ್ಮನ ಮಾತಿನಂತೆ ನಡೆದೆ. ಹಸಿದಿದ್ದರೆ ಬೋನಿಗೂ ಬರುತ್ತವೆ, ಮತ್ತಿನ ಔಷಧಿಗೂ ಹೊಟ್ಟೆ ಖಾಲಿ ಇರಬೇಕು. ಭಾನುವಾರ ಬೆಳಿಗ್ಗೆ ಹಾಲಿನ ವ್ಯಾನು ಹೋದ ಮೇಲೆ ಬೋನಿನೊಳಗೆ ವಾಸನೆಗೆಂದು ಒಂದು ಚೂರು ಒಣಮೀನು ಇಟ್ಟು ನಾನು, ನನ್ನ ಗಂಡ ನೀರಿನ ತೊಟ್ಟಿಯ ಹಿಂದೆ ಕೂತೆವು. ಮೊದಲು ಒಳಗೆ ಹೋದದ್ದು ಊರಿನ ಅರ್ಧ ಜಗಳಗಳಿಗೆ ಕಾರಣವಾಗಿದ್ದ ದಪ್ಪ ತಲೆಯ ಗಂಡುಬೆಕ್ಕು. ಬಾಗಿಲು ಬಿದ್ದ ಕೂಡಲೇ ಅದು ಬೋನನ್ನೇ ಎತ್ತಿ ಹಾಕುವಂತೆ ಹಾರಿತು. ನನ್ನ ಗಂಡ ಓಡಿಹೋಗಿ, ಡಾಕ್ಟ್ರಮ್ಮ ಹೇಳಿಕೊಟ್ಟಿದ್ದಂತೆ ಹಳೆಯ ದುಪ್ಪಟಿ ಹೊದಿಸಿದ. ಕತ್ತಲಾದ ಕೂಡಲೇ ಬೆಕ್ಕು ಸುಮ್ಮನಾಯಿತು. "ಔದಲ್ಲ," ಎಂದು ಅವನು ಪಿಸುಗುಟ್ಟಿದ. ಆವತ್ತಿನಿಂದ ದುಪ್ಪಟಿಯ ಕೆಲಸ ಅವನದೇ ಆಯಿತು.

ಬೋನನ್ನು ನನ್ನ ಗಂಡನ ಲಗೇಜ್ ಆಟೋದಲ್ಲಿ ಪಶು ಆಸ್ಪತ್ರೆಗೆ ಕೊಂಡುಹೋದೆವು. ಅಲ್ಲಿ ಕರು ಹಾಕಿಸುವ ಕೋಣೆಯನ್ನು ತೊಳೆದು ಆಪರೇಷನ್ ಮಾಡಿದರು. ಮೈಸೂರಿನ ಗೆಳತಿ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ನಮ್ಮ ಡಾಕ್ಟ್ರಮ್ಮ ಮಾಡಿದರು. ಕೊನೆಯಲ್ಲಿ, ಇನ್ನೂ ಮತ್ತಿನಲ್ಲಿರುವಾಗಲೇ, ಎಡಕಿವಿಯ ತುದಿಯನ್ನು ಚೂರೇ ಚೂರು ನೇರವಾಗಿ ಕತ್ತರಿಸಿದರು.

"ಕಿವಿ ಯಾಕೆ ಕುಯ್ದ್ರಿ ಮೇಡಮ್?" ನನ್ನ ಗಂಡನ ಮುಖ ಸಣ್ಣಗಾಗಿತ್ತು.

"ಇನ್ಶೂರೆನ್ಸ್ ಮಾಡಿಸಿದ ಹಸುಗೆ ಕಿವಿಗೆ ಓಲೆ ಹಾಕ್ತೀವಲ್ಲ ಅಣ್ಣ, ಹಾಗೇ. ದೂರದಿಂದ ನೋಡಿದರೂ ಇದಕ್ಕೆ ಆಗಿದೆ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಪಾಪ, ಎರಡನೇ ಸಲ ಹಿಡಿದು ಮತ್ತೆ ಕುಯ್ಯೋಕೆ ಹೋಗ್ತೀವಿ."

ಒಂದು ರಾತ್ರಿ ನಮ್ಮನೆಯ ಕರುವಿನ ಕೊಟ್ಟಿಗೆಯಲ್ಲಿ ಇಟ್ಟುಕೊಂಡು, ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ ಬೋನಿನ ಬಾಗಿಲು ಎತ್ತಿದೆವು. ಬೆಕ್ಕು ಬಾಣದಂತೆ ಕಬ್ಬಿನ ಗದ್ದೆಯೊಳಕ್ಕೆ ನುಗ್ಗಿತು. ಇನ್ನು ಈ ಜನ್ಮದಲ್ಲಿ ಇತ್ತ ಬರುವುದಿಲ್ಲ ಎಂದುಕೊಂಡೆ. ಸಂಜೆ ಹಾಲಿನ ಹೊತ್ತಿಗೆ ಅದು ಬೇಸಿನ್ನಿನ ಮುಂದೆ ಎಲ್ಲರಿಗಿಂತ ಮೊದಲು ಕೂತಿತ್ತು.

ಆಮೇಲಿನ ಭಾನುವಾರಗಳಲ್ಲಿ ಒಂದೊಂದಾಗಿ ಬೆಕ್ಕುಗಳು ಹೋಗಿ ಬಂದವು. ನಮ್ಮನೆಯ ಕೆಂಚಿಯೂ ಹೋಗಿ ಬಂತು. ಒಂದು ಮಾತ್ರ ಬಾಗಿಲಿನ ಕೊಂಡಿ ಸಡಿಲವಾಗಿ ತಪ್ಪಿಸಿಕೊಂಡು ಹೋದದ್ದು ಮತ್ತೆ ಕಾಣಲೇ ಇಲ್ಲ. ಇನ್ನೊಂದು ಹೊಲಿಗೆ ಕಚ್ಚಿಕೊಂಡು ನಮ್ಮ ಕೊಟ್ಟಿಗೆಯಲ್ಲಿ ವಾರವಿಡೀ ಉಳಿಯಿತು. ಉಳಿದಂತೆ ಎಲ್ಲಾ ಸುಸೂತ್ರ, ಬೂದಿ ಬೆಕ್ಕೊಂದನ್ನು ಬಿಟ್ಟು.

ಅದು ಬೋನಿಗೆ ಬೀಳಲೇ ಇಲ್ಲ. ಒಣಮೀನಿಗೆ ಕತ್ತು ಚಾಚುತ್ತಿತ್ತು, ಕಾಲು ಮಾತ್ರ ಒಳಗಿಡುತ್ತಿರಲಿಲ್ಲ. ಬೋನಿನ ಮೇಲೆ ಸೊಪ್ಪು ಮುಚ್ಚಿದೆ, ಜಾಗ ಬದಲಾಯಿಸಿದೆ. ಒಂದು ದಿನ ನೋಡಿದರೆ ಬೋನಿನ ಮೇಲೇ ಹತ್ತಿ ಕೂತು ಮುಖ ತೊಳೆದುಕೊಳ್ಳುತ್ತಿದೆ. ಹಾಲು ಹಾಕಲು ಬಂದಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. "ಅಕ್ಕ, ಅದ್ಕೆ ಚಿರತೆ ಬೋನೇ ತರ್ಸು," ಎಂದಳು ಒಬ್ಬಳು. ಆದರೆ ಅದರ ಹೊಟ್ಟೆ ಗುಂಡಗಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಕೆಲವು ದಿನಗಳಲ್ಲೇ ಅದು ಬರುವುದೂ ನಿಂತಿತು.

ಒಂದು ಬೆಳಿಗ್ಗೆ ಹಾಲು ಹಾಕಿ ಹೊರಟ ದೊಡ್ಡತ್ತೆ ತಿರುಗಿ ನಿಂತು, "ಕೆಲ್ಸ ಮುಗುದ್ಮ್ಯಾಲೆ ಮನೆತಕೆ ಬಾ," ಎಂದಷ್ಟೇ ಹೇಳಿ ಹೋದರು. ಏನು ತಪ್ಪಾಯಿತೋ ಎಂದುಕೊಂಡು ಹೋದೆ. ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅಟ್ಟದ ಏಣಿ ತೋರಿಸಿದರು. ಹತ್ತಿ ನೋಡಿದೆ. ಈರುಳ್ಳಿ ಮಂಕರಿಯ ಪಕ್ಕದಲ್ಲಿ ಬಿದಿರು ಹೆಣೆದ ಇನ್ನೊಂದು ಮಂಕರಿ. ಅದರಲ್ಲಿ ಮೆತ್ತನೆಯ ಹಳೆ ಸೀರೆಯ ಮೇಲೆ ಬೂದಿ ಬೆಕ್ಕು ಮಲಗಿತ್ತು. ಹೊಟ್ಟೆಗೆ ಅಂಟಿಕೊಂಡಂತೆ ನಾಲ್ಕು ಮರಿಗಳು. ಬೆಕ್ಕೇನೋ ತಾನೇ ಅಟ್ಟ ಹತ್ತಿತ್ತು. ಸೀರೆ ತಾನಾಗಿ ಮೇಲೆ ಹೋಗಿರಲಿಲ್ಲ.

ಕೆಳಗಿಳಿದು, "ಬೋನು ತಂದು ಇಡ್ಲಾ ದೊಡ್ಡತ್ತೆ?" ಎಂದೆ.

ಅವರು ನನ್ನ ಮೇಲೆ ಹರಿಹಾಯ್ದರು. "ಬುದ್ಧಿ ಅದೇನೇ ನಿಂಗೆ? ಬಾಣಂತಿ ಕಣೇ ಅದು! ಹಸಿ ಮೈ. ಮಕ್ಳ ಬುಟ್ಟು ಎಲ್ಲಿಗೆ ತಕ್ಕೊಂಡೋದೀಯ? ಓದ್ಸಲ ಚೀಲದಾಗೆ ಓದ ತಾಯಿ ಮರಿಗೋಳು ಏನಾದ್ವು ಅಂತ ನಂಗೇನು ಗೊತ್ತಿಲ್ಲ ಅಂದ್ಕಂಡಿದ್ದೀಯಾ?"

ಆಮೇಲೆ ಅವರೇ ಸ್ವಲ್ಪ ತಣ್ಣಗಾಗಿ, "ನಿನ್ ಗಂಡ ಯೋಳ್ದ," ಎಂದರು.

ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು. ಮರಿಗಳು ತಾವಾಗಿ ತಿನ್ನಲು ಕಲಿಯುವವರೆಗೆ ಮುಟ್ಟುವುದೇ ಬೇಡ ಎಂದರು. ಅದನ್ನು ದೊಡ್ಡತ್ತೆಗೆ ಹೇಳಿದಾಗ ಅವರ ಮುಖದಲ್ಲಿ ಗೆದ್ದ ಕಳೆ ಬಂತು. "ನೋಡ್ದಾ? ಓದ್ದೋರೂ ಅಂಗೇ ಯೋಳ್ತಾವ್ರೆ."

ಆ ಮನೆಯಲ್ಲಿ ಬೆಕ್ಕಿನ ಬಾಣಂತನ ನಡೆಯಿತು. ಬೆಳಿಗ್ಗೆ ಉಗುರುಬೆಚ್ಚಗಿನ ಹಾಲು, ಮಧ್ಯಾಹ್ನ ಮೆತ್ತಗೆ ಕಿವುಚಿದ ಮುದ್ದೆಗೆ ಖಾರ ಹಾಕದ ಮೀನಿನ ನೀರು. ಅಟ್ಟಕ್ಕೆ ಗಾಳಿ ಹೊಡೆಯದಂತೆ ಕಿಟಕಿಗೆ ಚೀಲ ಕಟ್ಟಿಸಿದರು. ಮೊಮ್ಮಕ್ಕಳು ಏಣಿ ಹತ್ತಿದರೆ ಬೈಗುಳ. ಯಾರ ಕೈಗೂ ಸಿಗದ ಆ ಬೆಕ್ಕು ಅವರ ಕೈಯಿಂದ ಮೀನು ತಿನ್ನತೊಡಗಿತು. ಮರಿಗಳು ಕಣ್ಣು ಬಿಟ್ಟು, ಮಂಕರಿಯಿಂದ ಹೊರಗೆ ಉರುಳಿ, ಕೊನೆಗೆ ಏಣಿಯ ಮೇಲಿನ ಮೆಟ್ಟಿಲಿನಲ್ಲಿ ನಿಂತು ಕೂಗಲು ಕಲಿತವು.

ಒಂದು ಮಧ್ಯಾಹ್ನ ನಾನೂ ಅವರೂ ಜಗಲಿಯ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆವು. ಬೂದಿ ಬೆಕ್ಕು ಅವರ ಪಕ್ಕದಲ್ಲಿ ಚಾಚಿಕೊಂಡಿತ್ತು. ಮರಿಗಳು ಹಾಲಿಗೆ ನುಗ್ಗಿ ನುಗ್ಗಿ ಬರುತ್ತಿದ್ದವು. ಅದು ಒಂದು ಸಲ ಎದ್ದು ದೂರ ಹೋಗಿ ಕೂತಿತು. ಅಲ್ಲಿಗೂ ಬಂದವು. ಮತ್ತೆ ಎದ್ದು ಹೋಯಿತು. ದೊಡ್ಡತ್ತೆ ಕೈಯಲ್ಲಿದ್ದ ಕಾಳನ್ನು ಹಾಗೇ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು.

"ನಂಗೆ ಏಳು ಎರಿಗೆ," ಎಂದರು. "ಒಂದು ಎದೆ ಬುಡಾಕ್ ಮುಂಚೆ ಇನ್ನೊಂದು. ಗದ್ದೆ ಕೆಲ್ಸ, ಹಟ್ಟಿ ಕೆಲ್ಸ. ಎರಡು ಕೂಸು ತೀರೋದ್ವು. ಸಾಕು ಅನ್ನಕ್ಕೆ ಬಾಯಿ ಎಲ್ಲಿತ್ತು? ನಮ್ಮತ್ತೆ ಆಪ್ರೇಷನ್ ಅಂದ್ರೆ ಮನೆ ಒಳೀಕೆ ಸೇರ್ಸಕಿಲ್ಲ ಅಂದಿದ್ರು. ಒಂದಿನ ಆಸ್ಪತ್ರೆ ಜೀಪು ಬಂದು ಅಳ್ಳಿಮರದ ತಾವ ನಿಂತ್ಕತ್ತು. ನಾನು ಯಾರ್ನೂ ಕೇಳ್ನಿಲ್ಲ ಕಣವ್ವ. ಸೆರಗು ಸುತ್ಕಂಡು ಓಗಿ ಜೀಪು ಅತ್ಕಂಡ್ಬುಟ್ಟೆ."

"ದೊಡ್ಡಮಾವ ಬೈದ್ರಾ?"

"ಬೈದ್ರು. ಬೈಲಿ ಬುಡು. ಅವತ್ತಿಂದ ನನ್ ಮೈ ನಂದು ಅನ್ನಂಗಾಯ್ತು."

ಮದುವೆಯಾಗಿ ಆ ಮನೆತನಕ್ಕೆ ಬಂದು ಇಷ್ಟು ವರ್ಷವಾಗಿತ್ತು. ಈ ಕತೆಯನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಅವರ ಮುಂದಿದ್ದ ಸಿಪ್ಪೆಯನ್ನು ನನ್ನ ಮೊರಕ್ಕೆ ಎಳೆದುಕೊಂಡೆ. ಅವರು ಬೆಕ್ಕಿನ ಕಡೆಗೆ ಕತ್ತು ತಿರುಗಿಸಿ, "ಇದ್ಕೂ ಸಾಕಾಗಿರ್ತದೆ," ಎಂದರು. "ಯಾವತ್ತು ಬರ್ತಾಳಂತೆ ನಿಮ್ ಡಾಕ್ಟ್ರಮ್ಮ?"

ಬೋನು ಬೇಕಾಗಲಿಲ್ಲ. ಆ ಭಾನುವಾರ ದೊಡ್ಡತ್ತೆ ಬೆಕ್ಕನ್ನು ಮಡಿಲಿಗೆ ಕರೆದು, ನಿಧಾನವಾಗಿ ಮಂಕರಿಗೆ ಇಳಿಸಿ, ಮೇಲೆ ಇನ್ನೊಂದು ಮಂಕರಿ ಕವುಚಿ ಹಗ್ಗ ಕಟ್ಟಿದರು. ನನ್ನ ಗಂಡನ ಲಗೇಜ್ ಆಟೋದಲ್ಲಿ ಮುಂದೆ ಕೂತು ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡರು. ಹಳ್ಳ ದಿಣ್ಣೆ ಬಂದಾಗಲೆಲ್ಲ, "ಮೆತ್ಗೆ ಓಡ್ಸ್ಲಾ," ಎಂದು ಗದರಿದರು. ಆಸ್ಪತ್ರೆಯಲ್ಲಿ ಒಳಗೆ ಬರಲು ಒಪ್ಪದೆ ಹೊರಗಿನ ಬೆಂಚಿನಲ್ಲೇ ಕೂತರು. ಒಳಗೆ ಪಾತ್ರೆಯ ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ನನ್ನ ಕೈ ಹಿಡಿದುಕೊಂಡರು. ಅಂಥವರಲ್ಲ ಅವರು.

ಮೈಸೂರಿನ ಗೆಳತಿ ಆ ದಿನ ಬಂದಿರಲಿಲ್ಲ. ನಮ್ಮ ಡಾಕ್ಟ್ರಮ್ಮ ಒಬ್ಬರೇ ಮಾಡಿ ಮುಗಿಸಿ, ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ನಗುತ್ತಾ ಹೊರಗೆ ಬಂದರು. "ಚೆನ್ನಾಗಿದೆ ಅಜ್ಜಿ, ಏನೂ ತೊಂದರೆ ಇಲ್ಲ."

ದೊಡ್ಡತ್ತೆ ಕತ್ತರಿಸಿದ ಕಿವಿಯನ್ನು ಬೆರಳಲ್ಲಿ ಮುಟ್ಟಿಯೂ ಮುಟ್ಟದಂತೆ ಸವರಿದರು. "ನೋವಾಯ್ತೇನವ್ವಾ?" ಎಂದು ಬೆಕ್ಕನ್ನೇ ಕೇಳಿದರು. ಆಮೇಲೆ ಡಾಕ್ಟ್ರಮ್ಮನಿಗೆ, "ನಿನ್ ಕೈ ತಣ್ಗಿರ್ಲಿ ಮಗ," ಎಂದರು.

ಬೆಕ್ಕು ಅವರ ಮನೆಯಲ್ಲೇ ಉಳಿಯಿತು. ನಾಲ್ಕು ಮರಿಗಳಲ್ಲಿ ಎರಡನ್ನು ಅವರೇ ಮನೆ ನೋಡಿ ಕೊಟ್ಟರು. ಹೆಣ್ಣು ಕೊಡುವವರಂತೆ ವಿಚಾರಿಸಿದರು: ಮನೆಯಲ್ಲಿ ನಾಯಿ ಇದೆಯಾ, ರಸ್ತೆ ಪಕ್ಕವಾ, ವಯಸ್ಸಿಗೆ ಬಂದಾಗ ಆಪರೇಷನ್ ಮಾಡಿಸುತ್ತೀರಾ. ಇನ್ನೆರಡು ಡೈರಿಗೆ ಬಂದವು. ಕಾಲ ಬಂದಾಗ ಅವಕ್ಕೂ ಮಾಡಿಸಿದೆವು.

ಡೈರಿಯಲ್ಲಿ ಈಗ ಕ್ಯಾನುಗಳ ಮುಚ್ಚಳಕ್ಕೆ ಸರಪಳಿ ಹಾಕಿಸಿದ್ದೇವೆ. ಬೇಸಿನ್ನನ್ನು ಕಟ್ಟಡದ ಹಿಂದಕ್ಕೆ ಸಾಗಿಸಿದೆ. ಹಾಲು, ಒಂದಿಷ್ಟು ಮುದ್ದೆ ಎರಡು ಹೊತ್ತು ಅಲ್ಲೇ. ಈ ವರ್ಷ ಫೀಡಿನ ಮೂಟೆಗಳ ಹಿಂದೆ ಮರಿಗಳ ಅಳು ಕೇಳಿಸಲಿಲ್ಲ. ಗಂಡುಬೆಕ್ಕುಗಳ ಜಗಳವೂ ಹೆಚ್ಚುಕಡಿಮೆ ನಿಂತಿದೆ. ಇಲಿಗಳು ಪೂರಾ ಹೋಗಿಲ್ಲ, ಆದರೆ ಮಿಷನ್ನಿನ ವೈರು ಉಳಿದಿದೆ. ಕ್ಯಾನು ಎತ್ತುವವನು ಮಾತ್ರ ಇವತ್ತಿಗೂ, "ಚೀಲಾನೇ ಸಲೀಸು," ಎನ್ನುತ್ತಾನೆ. ಹೆಂಗಸರು ಅವನ ಬಾಯಿ ಮುಚ್ಚಿಸುತ್ತಾರೆ.

ಬೋನು ಈಗ ಊರಲ್ಲಿ ಇರುವುದೇ ಅಪರೂಪ. ಪಾಂಡವಪುರದ ಕಡೆಯ ಡೈರಿಯೊಂದರವರು ತೆಗೆದುಕೊಂಡು ಹೋಗಿ ಇಟ್ಟುಕೊಂಡೇಬಿಟ್ಟಿದ್ದರು, ನಾನೇ ಹೋಗಿ ತರಬೇಕಾಯಿತು. ನನ್ನ ತವರು ಬೆಳಗೊಳ. ಅಲ್ಲಿ ನನ್ನ ತಂಗಿಯ ಬೀದಿಯಲ್ಲಿ ಮೀನಂಗಡಿಯ ಸುತ್ತ ಬೆಕ್ಕುಗಳು ಕೂಡಿವೆಯಂತೆ. ಅವಳು ಫೋನ್ ಮಾಡಿ ಕೇಳಿದಾಗ ವೆಲ್ಡಿಂಗ್ ಅಂಗಡಿಯವನಿಗೆ ಎರಡನೆಯ ಬೋನು ಹೇಳಿದೆ. ಶ್ರೀರಂಗಪಟ್ಟಣದಲ್ಲಿ ಬೆಕ್ಕಿಗೆ ಆಪರೇಷನ್ ಮಾಡುವ ಡಾಕ್ಟರೊಬ್ಬರ ನಂಬರನ್ನು ನಮ್ಮ ಡಾಕ್ಟ್ರಮ್ಮನೇ ಅವಳಿಗೆ ಕೊಟ್ಟಿದ್ದಾರೆ.

ಮೊನ್ನೆ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ದೊಡ್ಡತ್ತೆ ಹಾಲಿನ ಪಾತ್ರೆ ಕೆಳಗಿಟ್ಟು ಕಟ್ಟಡದ ಹಿಂದಕ್ಕೆ ಕೈ ತೋರಿಸಿದರು.

"ಅದ್ಯಾವ್ದೇ ಅದು, ಬಿಳೀದು? ನಮ್ದಲ್ಲ."

ಹೋಗಿ ನೋಡಿದೆ. ಬಿಳಿ ಮೈ, ಕಪ್ಪು ಬಾಲ. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿಯಿತು, ಓಡಲಿಲ್ಲ.

"ಹೊಸ್ದು ದೊಡ್ಡತ್ತೆ. ಕಿವಿ ಪೂರಾ ಅದೆ."

"ಒಟ್ಟೆ?"

"ಬೆನ್ನಿಗೆ ಅಂಟ್ಕಂಡದೆ. ಹಸ್ಕೊಂಡಿರಂಗದೆ."

"ಅಂಗಾದ್ರೆ ಮೊದ್ಲು ಒಂದಿಷ್ಟು ಹಾಲಾಕು," ಎಂದರು. "ನಾಕ್ ದಿನ ತಿಂದು ಚೇತ್ರುಸ್ಕಳ್ಳಿ. ಭಾನ್ವಾರದ್ದು ಆಮೇಲೆ ನೋಡನ."

ಸಾಲಿನಲ್ಲಿದ್ದವರು ಕಾಯುತ್ತಿದ್ದರು. ಪರೀಕ್ಷೆಗೆ ತೆಗೆದಿದ್ದ ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡು ನಾನು ಹಿಂದಕ್ಕೆ ಹೋದೆ.